ವನಜಮ್ಮ ಕಲಿತ ಇಂಗ್ಲಿಷ್ ಮಾತು

ಮಗಳು ವೀಣಾಳ ಸೀಮಂತದ ಹಿಂದಿನ ಸಂಜೆ ವನಜಮ್ಮ ಒಲೆಯ ಮುಂದೆ ಕುಳಿತು ಕಜ್ಜಾಯ ತಟ್ಟುತ್ತಿದ್ದರು. ಪಕ್ಕದಲ್ಲಿ ಮಗನ ಮಗಳು ತೇಜಸ್ವಿನಿ. ಕುಶಾಲನಗರದ ಶಾಲೆಯಲ್ಲಿ ಅವಳ ಟೀಚರ್ ದಿನಕ್ಕೊಂದು ಇಂಗ್ಲಿಷ್ ಪದ ಹೇಳಿಕೊಟ್ಟು, ಮನೆಯಲ್ಲಿ ಬಳಸಿಕೊಂಡು ಬನ್ನಿ ಎಂದು ಕಳಿಸುತ್ತಿದ್ದರು. ಅವರ ದೆಸೆಯಿಂದ ವನಜಮ್ಮನ ಬಾಯಲ್ಲೂ ಒಂದಿಷ್ಟು ಇಂಗ್ಲಿಷ್ ಓಡಾಡುತ್ತಿತ್ತು.

“ಇವತ್ತಿಂದು ಎಸೆನ್ಷಿಯಲ್, ಅಜ್ಜಿ.”

“ಹಂಗಂದ್ರೆ?”

“ಬೇಕೇ ಬೇಕಾದ್ದು. ಇದ್ರೆ ಚೆನ್ನಾಗಿರುತ್ತೆ ಅನ್ನೋದಕ್ಕೆಲ್ಲ ಹೇಳಂಗಿಲ್ಲ. ಇಲ್ದಿದ್ರೆ ಆ ಕೆಲ್ಸಾನೇ ನಡಿಯಲ್ಲ ಅನ್ನೋದಕ್ಕೆ ಮಾತ್ರ. ಎಲ್ಲಿ, ನೀನೊಂದು ಹೇಳು.”

“ಕಾಫಿಗೆ ಹಾಲು ಎಸೆನ್ಷಿಯಲ್.”

“ತಪ್ಪು! ಪಕ್ಕದ್ಮನೆ ಬೊಳ್ಳಮ್ಮಜ್ಜಿ ಕರಿಕಾಫಿ ಕುಡಿಯಲ್ವಾ?”

“ಹಂಗಾದ್ರೆ ಸಕ್ರೆ?”

“ಅವ್ರು ಬೆಲ್ಲ ಹಾಕ್ತಾರೆ.”

“ಕಾಫಿಪುಡಿ?”

“ಕರೆಕ್ಟ್!”

ವನಜಮ್ಮನಿಗೆ ಆಟ ಹಿಡಿಸಿತು. ಕಜ್ಜಾಯಕ್ಕೆ ಬೆಲ್ಲ ಎಸೆನ್ಷಿಯಲ್, ಗಸಗಸೆ ಅಲ್ಲ. ಮದುವೆಗೆ ಗಂಡು ಎಸೆನ್ಷಿಯಲ್, ಬ್ಯಾಂಡ್ ಅಲ್ಲ. ಅಜ್ಜಿ ಮೊಮ್ಮಗಳು ಬಿದ್ದು ಬಿದ್ದು ನಕ್ಕರು.

“ನಾಳೆ ಅತ್ತೆ ಸೀಮಂತಕ್ಕೆ?”

“ಮುತ್ತೈದೇರು,” ಎಂದ ವನಜಮ್ಮ ನಗು ನಿಲ್ಲಿಸಿದರು.

“ನೀನು?”

“ನಾನು ಇಲ್ಲೇ ಇರ್ತೀನಿ, ಅಡುಗೆಮನೇಲಿ.”

ಗಂಡ ತೀರಿಕೊಂಡ ಮೇಲೆ ಇಂಥ ದಿನಗಳಲ್ಲಿ ಅವರ ಜಾಗ ಅದೇ ಆಗಿತ್ತು. ಒಮ್ಮೆ ಮಾತ್ರ ಮರೆತಿದ್ದರು. ಹೋದ ಸಲ ವೀಣಾ ಬಸುರಿಯಾಗಿ ಬಂದಾಗ ಆಸೆ ತಡೆಯದೆ ಮಗಳ ಜಡೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದರು. ಆ ಮಗು ಉಳಿಯಲಿಲ್ಲ. ಬಿಪಿ ಏರಿ ಹೀಗಾಯಿತು ಎಂದು ಮಡಿಕೇರಿಯ ಡಾಕ್ಟರ್ ಬಿಡಿಸಿ ಹೇಳಿದ್ದರು. ಗಂಡನ ಅಣ್ಣ ಕೆಂಪಣ್ಣ ಮಾತ್ರ, “ಮುಂಡೆ ಕೈ ಸೋಕಬಾರದಿತ್ತು,” ಎಂದರು. ಡಾಕ್ಟರ ಮಾತು ಬರುವ ದಾರಿಯಲ್ಲಿ ಬಸ್ಸಿನಲ್ಲೇ ಉಳಿದುಹೋಯಿತು. ಭಾವನ ಮಾತು ಮನೆಯೊಳಗೆ ಕಾಲು ಚಾಚಿ ಕೂತಿತು. ಕೆಂಪಣ್ಣ ಕೆಟ್ಟವರಲ್ಲ. ತಮ್ಮ ಸತ್ತಾಗ ಶುಂಠಿ ಹೊಲ ಪಾಳು ಬೀಳದಂತೆ ನೋಡಿಕೊಂಡವರು ಅವರೇ. ಒಳ್ಳೆಯವರ ಬಾಯಿಂದ ಬಂದ ಕೆಟ್ಟ ಮಾತಿಗೆ ಎದುರಾಡುವುದು ಎಷ್ಟು ಕಷ್ಟವೆಂದು ಅನುಭವಿಸಿದ ಹೆಣ್ಣುಮಕ್ಕಳೇ ಬಲ್ಲರು. ವನಜಮ್ಮ ಅದನ್ನು ನಂಬಿಯೂ ಬಿಟ್ಟಿದ್ದರು.

ಮರುದಿನ ನಡುಮನೆ ತುಂಬ ಹೆಂಗಸರು. ಹಸಿರು ಸೀರೆಯುಟ್ಟು ಕುಳಿತಿದ್ದ ವೀಣಾ, ಬಳೆ ಹಿಡಿದು ಬಂದವರ ಮುಂದೆ ಕೈ ಹಿಂದಕ್ಕೆಳೆದುಕೊಂಡಳು.

“ಮೊದಲು ಅಮ್ಮ ತೊಡಿಸ್ಲಿ.”

“ಹಟ ಮಾಡಬ್ಯಾಡ ಕಣವ್ವ,” ಎಂದರು ಕೆಂಪಣ್ಣ. “ಹೋದ್ಸಲ ಆಗಿದ್ದು ಸಾಲ್ದಾ? ಹಿರೀಕರು ಸುಮ್‌ಸುಮ್ನೆ ಮಾಡವ್ರಾ ಶಾಸ್ತ್ರಾನ?”

“ದೊಡ್ಡಪ್ಪ, ಹೋದ್ಸಲ ಆಗಿದ್ದು ಬಿಪಿಯಿಂದ. ಈ ಸಲ ಮಾತ್ರೆ ನುಂಗ್ದ್ಯಾ ನುಂಗ್ದ್ಯಾ ಅಂತ ದಿನಾ ಫೋನ್ ಮಾಡಿ ನನ್ನ ಕಾಪಾಡಿದ್ದು ಯಾರು? ಇಲ್ಲಿಗೆ ಬಂದ್ಮೇಲೆ ಹೊತ್ತು ಹೊತ್ತಿಗೆ ಮಾತ್ರೆ ಕೊಡ್ತಿರೋದು ಯಾರು? ಆ ಕೈ ಮಾತ್ರೆ ಕೊಡಬಹುದು, ಬಳೆ ತೊಡಿಸಬಾರದಾ?”

ವನಜಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಬೇಡ ಕಣೆ, ಮತ್ತೇನಾದರೂ ಆದರೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗಲೇ ತೇಜಸ್ವಿನಿ ಬಂದು ಅವರ ಸೆರಗು ಹಿಡಿದು ನಿಂತಳು. ನಿನ್ನೆಯ ಆಟ ನೆನಪಾಯಿತು. ಯಾವುದು ಇಲ್ಲದಿದ್ದರೆ ನಡೆಯುವುದಿಲ್ಲ? ಮಾತ್ರೆ ಇಲ್ಲದಿದ್ದರೆ ನಡೆಯದು. ಡಾಕ್ಟರ್ ಇಲ್ಲದಿದ್ದರೆ ನಡೆಯದು. ತಾನು ಹೀಗೆ ಅವಿತು ನಿಲ್ಲದಿದ್ದರೆ? ವನಜಮ್ಮ ಕೈ ಒರೆಸಿಕೊಂಡು ಹೊಸ್ತಿಲು ದಾಟಿದರು.

“ಭಾವ, ನಾನು ದೂರ ನಿಲ್ಲೋದು ಎಸೆನ್ಷಿಯಲ್ ಅಲ್ಲ.”

“ಏನಮ್ಮ ಹಂಗಂದ್ರೆ?”

“ನಾನು ಬಾಗಿಲ ಹಿಂದೆ ನಿಂತ್ರೆ ಮಗಳ ಬಿಪಿ ಇಳಿಯಲ್ಲ ಅಂತ.”

ಯಾರೋ ಕಿಸಕ್ಕನೆ ನಕ್ಕರು. ಕೆಂಪಣ್ಣ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿಗೆ ನಡೆದರು. ವನಜಮ್ಮ ತೊಡಿಸಹೋದ ಮೊದಲ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಒಡೆದರೆ ಗತಿಯೇನು ಎಂದು ಹೆಂಗಸರೆಲ್ಲ ಬಗ್ಗಿ ನೋಡಿದರು.

“ಇನ್ನೊಂಚೂರು ಒತ್ತಮ್ಮ,” ಎಂದಳು ವೀಣಾ. ಬಳೆ ಮುಂಗೈಗೆ ಇಳಿಯಿತು. ಮಗಳು ಆ ಕೈಯನ್ನು ಬಿಡಲೇ ಇಲ್ಲ, ಕಣ್ಣಿಗೊತ್ತಿಕೊಂಡಳು. ವನಜಮ್ಮ ಜನರೆದುರಿಗೇ ಅತ್ತರು, ಸಂತೋಷಕ್ಕೆ.

ಊಟದ ಹೊತ್ತಿಗೆ ಕೆಂಪಣ್ಣ ಒಳಗೆ ಬಂದರು. ಮುಖ ಇನ್ನೂ ಬಿಗಿದೇ ಇತ್ತು. ಆದರೆ ವನಜಮ್ಮ ಬಡಿಸಿದ ಕಜ್ಜಾಯವನ್ನು ಬೇಡ ಎನ್ನಲಿಲ್ಲ, ಇನ್ನೊಂದು ಹಾಕಿಸಿಕೊಂಡರು.

ಸಂಜೆ ತೇಜಸ್ವಿನಿ ಕೇಳಿದಳು, “ಅಜ್ಜಿ, ನಾಳೆ ಟೀಚರ್‌ಗೆ ಏನಂತ ಹೇಳ್ಲಿ?”

“ನಮ್ಮಜ್ಜಿ ಬಳಸಿದ್ಲು ಅಂತ ಹೇಳು. ನಿಮ್ಮಿಂದ ನನ್ನ ಮಗಳ ಕೈ ನಂಗೆ ಸಿಕ್ತು, ತುಂಬಾ ಉಪಕಾರ ಆಯ್ತು ಅಂದ್ಲು ಅಂತ ಹೇಳು.”

ಆ ಟೀಚರ ಮುಖವನ್ನು ವನಜಮ್ಮ ಕಂಡವರಲ್ಲ. ಅವರಿಗೆಂದು ಡಬ್ಬಿಯೊಂದನ್ನು ತೊಳೆದು ಒರೆಸಿ, ಕಜ್ಜಾಯಗಳಲ್ಲಿ ಚೆನ್ನಾಗಿ ಗಸಗಸೆ ಹತ್ತಿದವನ್ನೇ ಒಂದೊಂದಾಗಿ ಆರಿಸಿ ತುಂಬಿದರು.