ಈಜು ಬಾರದ ಕಾರ್ಯದರ್ಶಿ

ಟಿಕ್.

ಕೋಮಲಾ ಕಣ್ಣು ಬಿಟ್ಟಳು. ನಿದ್ದೆಯಿಂದ ಎದ್ದಳು ಅನ್ನುವ ಹಾಗಿಲ್ಲ. ಮಲಗಿದಾಗಿನಿಂದ ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟೇ. ಪಕ್ಕದಲ್ಲಿ ಗಂಡ ಓಂಕಾರೇಶ್ ನಾಳೆಯ ಚಿಂತೆಯೇ ಇಲ್ಲದವನಂತೆ ಗೊರಕೆ ಹೊಡೆಯುತ್ತಿದ್ದ. ಪಡಸಾಲೆಯಿಂದ ಮತ್ತೆ ಅದೇ ಸದ್ದು, ಅಡಕತ್ತರಿಯಲ್ಲಿ ಒಣ ಅಡಿಕೆ ಸೀಳಿದ ಹಾಗೆ. ಸ್ವಲ್ಪ ಬಿಟ್ಟು ಇನ್ನೊಂದು.

ಪಡಸಾಲೆಯಲ್ಲಿದ್ದದ್ದು ಹೊಸ ಲೈಫ್ ಜಾಕೆಟ್‌ಗಳ ರಾಶಿ. ಇಲಿ ಏನಾದರೂ ಸೇರಿಕೊಂಡು ಬಕಲ್ಲುಗಳನ್ನು ಕಡಿಯುತ್ತಿದ್ದರೆ? ಕೋಮಲಾ ದಡಬಡಿಸಿ ಎದ್ದು ಬಂದು ದೀಪ ಹಾಕಿದಳು.

ಅತ್ತೆ ಮಲ್ಲಿಕಾಂಬ ಮಣೆಯ ಮೇಲೆ ಕೂತು, ತೊಡೆಯ ಮೇಲೆ ಒಂದು ಕಿತ್ತಳೆ ಬಣ್ಣದ ಜಾಕೆಟ್ ಇಟ್ಟುಕೊಂಡು ಬಕಲ್ ಹಾಕಿ ತೆಗೆದು ಮಾಡುತ್ತಿದ್ದರು.

"ಏನ್ ಮಾಡ್ತಿದ್ದೀರಾ ಅತ್ತೆ, ಇಷ್ಟೊತ್ನಲ್ಲಿ?"

"ಇನ್ನೇನ್ ಮಾಡ್ಲಿ? ಊಟಕ್ಕೆ ಕೂತಾಗಿಂದ ನೀನು ಬಕಲ್ ಬಿಗಿಯಾಗೈತೋ ಇಲ್ವೋ, ಬಕಲ್ ಬಿಗಿಯಾಗೈತೋ ಇಲ್ವೋ ಅಂತ ಜಪ ಮಾಡ್ದೆ. ನೀನೂ ಮಲಗಲ್ಲ, ನನ್ನೂ ಮಲಗಿಸಲ್ಲ. ಎಲ್ಲಾನೂ ನೋಡ್ದೆ, ಗಟ್ಟಿಯಾಗವೆ. ಹೋಗಿ ಬಿದ್ಕೋ."

"ಇದೇನು, ಎದೆ ಮೇಲೆ ಬೆಳ್ಳಗೆ?"

"ವಿಭೂತಿ ಕಣೇ. ಹೊಸ ಟ್ರ್ಯಾಕ್ಟರ್ ತಂದ್ರೆ ಹಚ್ತೀವಿ, ಪಂಪ್‌ಸೆಟ್ ತಂದ್ರೆ ಹಚ್ತೀವಿ. ಜೀವ ಕಾಯೋ ವಸ್ತುಗೆ ಹಚ್ಬಾರ್ದಾ?"

ಪ್ರತಿ ಜಾಕೆಟ್ಟಿನ ಎದೆಯ ಮೇಲೂ ಮೂರು ಬೆರಳಿನ ಮೂರು ಗೆರೆ. ಒರೆಸೋಣ ಅಂದುಕೊಂಡ ಕೋಮಲಾ, ಅತ್ತೆಯ ಮುಖ ನೋಡಿ ಕೈ ಹಿಂದೆಗೆದಳು.

ಅವಳ ಆತಂಕಕ್ಕೆ ಕಾರಣವಿತ್ತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ರಜೆಯ ದಿನಗಳಲ್ಲಿ ಜನರನ್ನು ಸುತ್ತಾಡಿಸುವ ಕೆಲವೇ ಸಣ್ಣ ದೋಣಿಗಳಿದ್ದವು. ಒಂದು ಓಂಕಾರೇಶನದು, ಒಂದು ಹಾಲೇಶನದು, ಉಳಿದವು ಅಕ್ಕಪಕ್ಕದವರವು. ಎಲ್ಲೋ ದೂರದ ಜಿಲ್ಲೆಯಲ್ಲಿ ದೋಣಿಯೊಂದು ಮಗುಚಿಕೊಂಡ ಮೇಲೆ, ಸುರಕ್ಷತೆ ತೋರಿಸುವವರೆಗೂ ಖಾಸಗಿ ದೋಣಿಗಳು ಪ್ರವಾಸಿಗರನ್ನು ಹತ್ತಿಸಿಕೊಂಡು ನೀರಿಗಿಳಿಯಬಾರದು ಎಂದು ಸರ್ಕಾರದ ಆದೇಶವಾಯಿತು. ದೋಣಿಗಳು ದಡದಲ್ಲಿ ಬೋರಲಾಗಿ ಮಲಗಿದವು. ಆಗ ಮಾಲೀಕರೆಲ್ಲ ಸೇರಿ ಸಂಘ ಕಟ್ಟಿದರು. ಕಡೂರಿನ ಕಾಲೇಜಿನಲ್ಲಿ ಪದವಿ ಮಾಡಿದವಳು, ಅಳೆದು ತೂಗಿ ಬರೆಯುವವಳು ಅಂತ ಕೋಮಲಾಳನ್ನು ಕಾರ್ಯದರ್ಶಿ ಮಾಡಿದರು. ಅವಳು ಒಂದೇ ಶರತ್ತು ಹಾಕಿದಳು: ಜಾಕೆಟ್ ತೊಡದವರು ಯಾರೇ ಆಗಲಿ, ದೋಣಿ ಹತ್ತುವ ಹಾಗಿಲ್ಲ. ಆಮೇಲೆ ಬಿಡದೆ ಓಡಾಡಿದಳು. ಪ್ರವಾಸಿಗರು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ದಡದ ಮೆಟ್ಟಿಲಿಗೆ, ಹಗ್ಗಕ್ಕೆ, ಜಾಕೆಟ್ಟಿಗೆ ಬರಲಿ, ದೋಣಿ ಊರವರ ಕೈಯಲ್ಲೇ ಉಳಿಯಲಿ ಎಂದು ತರೀಕೆರೆಯಲ್ಲಿ ಕೇಳಿದಳು, ಕಡೂರಿನಲ್ಲಿ ಕೇಳಿದಳು, ಸಿಕ್ಕ ಸಿಕ್ಕ ಮೇಜಿನ ಮುಂದೆ ನಿಂತು ಕೇಳಿದಳು. ಕೊನೆಗೆ ಸರ್ಕಾರದ ಸಮಿತಿಯೊಂದು ನೋಡಲು ಬರುತ್ತೇವೆ ಅಂದಿತು. ಒಪ್ಪಿದರೆ ಈ ಬೇಸಿಗೆ ರಜೆಗೇ ದೋಣಿ ನೀರಿಗೆ. ಇಲ್ಲದಿದ್ದರೆ ಹೊರಗಿನ ಗುತ್ತಿಗೆದಾರರಿಗೆ ಹಿನ್ನೀರು.

ಮರುದಿನ, ಭಾನುವಾರ ಬೆಳಿಗ್ಗೆ ಸಮಿತಿ ಬಂತು. ಮುಖ್ಯಸ್ಥ ಶಿವಪ್ರಸಾದ್ ಎಂಬ ಅಧಿಕಾರಿ, ಕಡಿಮೆ ಮಾತಿನವರು. ಜಾಕೆಟ್ ಒಂದನ್ನು ಎತ್ತಿ ತಿರುಗಿಸಿ ನೋಡಿ ಕೇಳಿದರು: "ಈ ಮೂರು ಗೆರೆ ಯಾವ ಕಂಪನಿ ಗುರುತು?"

"ಮನೆ ಗುರುತು ಸಾರ್," ಅಂದ ಓಂಕಾರೇಶ್.

ಶಿವಪ್ರಸಾದ್ ನಗಲಿಲ್ಲ, ಆದರೆ ವಿಭೂತಿ ಉದುರದ ಹಾಗೆ ಜಾಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟರು. ಕೋಮಲಾಗೆ ತುಸು ಧೈರ್ಯ ಬಂತು.

ಸಂಘದವರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ನೆರೆದಿದ್ದರು. ಅಜ್ಜಂಪುರದಿಂದ ಕರಿಸಿದ್ದಪ್ಪನೂ ಬಂದಿದ್ದ. ನಾಲೆಯಲ್ಲಿ ಭದ್ರಾ ನೀರು ಬರುತ್ತೆ, ನಮ್ಮ ಕೆರೆ ತುಂಬುತ್ತೆ ಅಂತ ನಂಬಿ ಮುಂಚೆಯೇ ದೋಣಿ ಕೊಂಡಿಟ್ಟವನು ಅವನು. ಸದ್ಯಕ್ಕೆ ಅದರಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಆದರೂ ಸಂಘದ ಒಂದು ಸಭೆಯನ್ನೂ ತಪ್ಪಿಸಿದವನಲ್ಲ.

ಜಾಕೆಟ್ ತೊಟ್ಟು ನೀರಿಗೆ ಹಾರಿ ತೋರಿಸುವ ಕೆಲಸ ಹಾಲೇಶನದು. ಅವನನ್ನು ಆರಿಸುವಾಗ ಯಾರೂ ಎರಡನೇ ಮಾತು ಆಡಿರಲಿಲ್ಲ. ದನದ ಜಾತ್ರೆಗೆ ಕೊಟ್ಟಿಗೆಯ ಒಳ್ಳೆಯ ಹೋರಿಯನ್ನೇ ಹಿಡಿದುಕೊಂಡು ಹೋಗುವ ಸೀಮೆಯವರು. ನಾಲ್ಕು ಜನರ ಮುಂದೆ ನಿಲ್ಲಿಸುವಾಗ ನಮ್ಮಲ್ಲಿ ಉತ್ತಮವಾದದ್ದನ್ನೇ ನಿಲ್ಲಿಸಬೇಕು ಅನ್ನುವುದು ಅವರ ರಕ್ತದಲ್ಲಿತ್ತು. ಹಾಲೇಶ ದೋಣಿಯ ಅಂಚಿನಿಂದ ಲಾಗ ಹಾಕಿ ಹಾರಿದ, ಮುಳುಗಿದ, ಎದ್ದ, ಅಂಗಾತ ಮಲಗಿ ಕೈ ಬೀಸಿದ. ಸಂಘದವರು ಶಿಳ್ಳೆ ಹೊಡೆದರು.

ಶಿವಪ್ರಸಾದ್ ಕೈ ಕಟ್ಟಿಕೊಂಡೇ ನಿಂತಿದ್ದರು. "ಇವ್ರು ಗೋಣಿಚೀಲ ಹಾಕ್ಕೊಂಡು ಹಾರಿದ್ರೂ ತೇಲ್ತಾರೆ. ನಾನು ನೋಡ್ಬೇಕಾಗಿರೋದು ಜಾಕೆಟ್ಟನ್ನ, ಇವ್ರನ್ನಲ್ಲ. ನಿಮ್ಮಲ್ಲಿ ಈಜು ಬಾರದೋರು ಯಾರಿದ್ದೀರಿ?"

ಎಲ್ಲರೂ ನೀರಿನ ಮಗ್ಗುಲಲ್ಲೇ ಬೆಳೆದವರು. ಒಬ್ಬೊಬ್ಬರೂ ಪಕ್ಕದವನನ್ನು ನೋಡಿದರು.

"ನಂಗೆ ಬರಲ್ಲ ಸಾರ್," ಕರಿಸಿದ್ದಪ್ಪ ಕೈ ಎತ್ತಿದ. ಎಲ್ಲರ ಮುಖ ಅರಳುವಷ್ಟರಲ್ಲಿ, "ಆದ್ರೆ ನಂಗೆ ಬಿಪಿ ಐತೆ," ಅಂತ ಕೈ ಇಳಿಸಿದ.

"ಮಾತ್ರೆ ನುಂಗಿ ಹಾರೋ ಮಾರಾಯ," ಯಾರೋ ಅಂದರು.

"ನೀರು ಕಂಡ್ರೆ ಏರೋ ಬಿಪಿ ಕಣಪ್ಪಾ ಅದು, ಮಾತ್ರೆಗೆ ಬಗ್ಗಲ್ಲ."

ಕೋಮಲಾಳ ತವರು ಸಿಂಗಟಗೆರೆ ಕಡೆ. ಕೆರೆ ತುಂಬಿದ ವರ್ಷವನ್ನು ಹಬ್ಬದ ಹಾಗೆ ನೆನೆಸಿಕೊಳ್ಳುವ ಊರು. ಹುಡುಗರು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತರು; ಹೆಣ್ಣುಮಕ್ಕಳಿಗೆ ಅದೂ ಇಲ್ಲ. ದೋಣಿಯ ಬಗ್ಗೆ ಇಷ್ಟೆಲ್ಲ ಬರೆದವಳು ದೋಣಿ ಹತ್ತಿದ್ದೇ ಅಪರೂಪ, ಹತ್ತಿದಾಗಲೂ ಎರಡು ಕೈಯಲ್ಲಿ ಹಲಗೆ ಹಿಡಿದು.

"ನನಗೆ ಬರಲ್ಲ ಸರ್," ಅಂದಳು. ಧ್ವನಿ ತನ್ನದೇ ಅಂತ ಅವಳಿಗೇ ಅನಿಸಲಿಲ್ಲ. "ನಾನು ಹಾರ್ತೀನಿ."

"ಲೇ, ಹುಚ್ಚಾ ನಿಂಗೆ?" ಓಂಕಾರೇಶ್ ತೋಳು ಹಿಡಿದ.

"ರೀ, ಬೇರೆಯವರ ಮಕ್ಕಳಿಗೆ ಇದನ್ನ ತೊಡಿಸಿ ಕಳಿಸ್ತೀನಿ. ನಾನು ತೊಡೋಕೆ ಹೆದರಿದ್ರೆ ಹೇಗೆ?"

ಚೂಡಿದಾರದ ಮೇಲೆ ಜಾಕೆಟ್ ಹಾಕಿ, ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದಳು. ದೋಣಿಯನ್ನು ದಡದಿಂದ ತುಸು ಮುಂದಕ್ಕೆ ನೂಕಿದರು. ಹಾಲೇಶ, ಇನ್ನಿಬ್ಬರು ಸುತ್ತ ನೀರಿನಲ್ಲಿ ಈಜುತ್ತ ಕಾವಲಿದ್ದರು. ಕೋಮಲಾ ಮೂಗು ಹಿಡಿದುಕೊಂಡಳು, ಮನೆದೇವರನ್ನು ನೆನೆದಳು, ಹೆಜ್ಜೆ ಇಟ್ಟಳು.

ತಣ್ಣಗೆ, ಹಸಿರಾಗಿ, ಕಿವಿಯೊಳಗೆಲ್ಲ ನೀರು. ಆಮೇಲೆ ಕಂಕುಳಲ್ಲಿ ಯಾರೋ ಕೈ ಕೊಟ್ಟು ಎತ್ತಿದ ಹಾಗಾಯಿತು. ಕೆಮ್ಮುತ್ತ ಕಣ್ಣು ಬಿಟ್ಟರೆ ಆಕಾಶ. ತೇಲುತ್ತಿದ್ದೇನೆ! ಅಂದುಕೊಂಡು ಕಾಲು ಸಡಿಲ ಬಿಟ್ಟಳು. ಬಿಟ್ಟ ಕಾಲಿನ ಹೆಬ್ಬೆರಳಿಗೆ ಏನೋ ತಾಗಿತು. ಜಲ್ಲಿ. ಅದರ ಮೇಲೆ ನುಣ್ಣನೆ ಕೆಸರು.

ನೆಲ.

ಯಾರನ್ನೋ ತುಳಿದವಳಂತೆ ಆ ಕಾಲನ್ನು ಮೇಲೆಳೆದುಕೊಂಡಳು; ಇನ್ನೊಂದು ಕಾಲು ಆಗಲೇ ಕೆಸರಿನಲ್ಲಿ ಊರಿತ್ತು. ನಾಲೆಗಳಿಗೆ ಬಿಟ್ಟೂ ಬಿಟ್ಟೂ ಹಿನ್ನೀರು ಇಳಿದಿತ್ತು. ಅಣೆಕಟ್ಟೆಗೆ ಮುಂಚಿನ ಹಳೇ ರಸ್ತೆಯ ದಿಬ್ಬ ಅಲ್ಲಿ ಮುಳುಗಿತ್ತು ಅನ್ನುವುದು ಅವಳಿಗೆ ಆಗ ನೆನಪಾಯಿತು. ಅಲೆ ಅವಳನ್ನು ದಿಬ್ಬದ ಮೇಲೆ ತಂದಿತ್ತೋ, ಹಾರಿದ್ದೇ ದಿಬ್ಬದ ಮೇಲೋ? ಎತ್ತಿದ್ದು ಜಾಕೆಟ್ಟೋ, ತನ್ನ ಕಾಲೋ? ಹೇಳುವುದು ಹೇಗೆ? ದಡದಲ್ಲಿ ಚಪ್ಪಾಳೆ ಮಾತ್ರ ನಿಲ್ಲುತ್ತಲೇ ಇರಲಿಲ್ಲ. ಶಿವಪ್ರಸಾದರೂ ಕಟ್ಟಿದ ಕೈ ಬಿಚ್ಚಿದ್ದರು.

"ನಾಳೆ ಹನ್ನೊಂದಕ್ಕೆ ತರೀಕೆರೆಯಲ್ಲಿ ಸಭೆ ಇದೆ ಮೇಡಂ," ಅಂದರು, ಟವೆಲ್ ಹೊದ್ದು ನಡುಗುತ್ತಿದ್ದವಳಿಗೆ. "ಈಜು ಬಾರದೋರು ತೇಲಿದ್ದನ್ನ ಕಣ್ಣಾರೆ ಕಂಡೆ ಅಂತ ನಾನೇ ಹೇಳ್ತೀನಿ. ಇನ್ನು ಯಾರೂ ಬೇಡ ಅನ್ನಲ್ಲ."

ಕೋಮಲಾ ದಿಬ್ಬ ಇದ್ದ ಕಡೆ ತಿರುಗಿ ನೋಡಿದಳು.

ಸಂಜೆ ಕೋಮಲಾಳ ಮನೆಯಲ್ಲಿ ಸಂಘದವರಿಗೆಲ್ಲ ಒಬ್ಬಟ್ಟಿನ ಊಟ. ಹಾಲೇಶನ ಬಾಯಲ್ಲಿ ಹಿನ್ನೀರು ಹೊತ್ತು ಹೊತ್ತಿಗೂ ಆಳವಾಗುತ್ತಿತ್ತು. "ಅಲ್ಲಿ ಆನೆ ನಿಂತ್ರೂ ಸೊಂಡ್ಲು ಕಾಣಲ್ಲ ಕಣ್ರೀ! ನಮ್ಮ ಕೋಮಲಕ್ಕ ಧಡಾರ್ ಅಂತ ಹಾರ್ಬಿಟ್ರು!"

"ವಿಭೂತಿ ಹಚ್ಚಿದ್ದು ಯಾರು ಕೇಳಿ," ಅಂದರು ಮಲ್ಲಿಕಾಂಬ, ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತ.

ಕೋಮಲಾಗೆ ತುತ್ತು ಇಳಿಯಲಿಲ್ಲ. ನಿಜ ಹೇಳಿದರೆ ಸಮಿತಿ ಮತ್ತೆ ಬರುವಷ್ಟರಲ್ಲಿ ಮಳೆಗಾಲ. ಹೇಳದಿದ್ದರೆ, ಒಬ್ಬ ಒಳ್ಳೆಯ ಮನುಷ್ಯ ತಾನು ಕಾಣದ್ದನ್ನು ಕಂಡೆ ಅಂತ ನಾಲ್ಕು ಜನರ ಮುಂದೆ ಹೇಳುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಯಾರದೋ ಮಗುವಿಗೆ ಪಟ್ಟಿ ಬಿಗಿಯುವಾಗ ಇದು ಎತ್ತುತ್ತದೋ ಇಲ್ಲವೋ ಅಂತ ಅವಳಿಗೇ ಗೊತ್ತಿರುವುದಿಲ್ಲ. ಜಾಕೆಟ್ ಗಟ್ಟಿಯೇ ಇರಬಹುದು. ಇರಬಹುದು ಅನ್ನುವ ಮಾತನ್ನು ಅವಳು ಯಾವ ಮನವಿಯಲ್ಲೂ ಬರೆದವಳಲ್ಲ. ಹನ್ನೊಂದು ಗಂಟೆಯೊಳಗೆ ತನಗೇ ಗೊತ್ತಾಗಬೇಕು; ಜಾಕೆಟ್ ಎತ್ತದಿದ್ದರೆ ಶಿವಪ್ರಸಾದರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಡಬೇಕು. ಹಾಗೆ ನಿರ್ಧರಿಸಿದ ಮೇಲೆಯೇ ಒಬ್ಬಟ್ಟು ಸಿಹಿಯಾಗಿದೆ ಅಂತ ತಿಳಿದದ್ದು.

ಎಲೆ ಎತ್ತುವಾಗ ಕೋಮಲಾ, ಹಾಲೇಶನ ಹೆಂಡತಿ ಅನುಷಾಳ ಕಿವಿಯಲ್ಲಿ ಕೇಳಿದಳು: "ಬೆಳಿಗ್ಗೆ ನನ್ನನ್ನ ಒಂದ್ಸಲ ನೀರಿಗೆ ಕರ್ಕೊಂಡ್ ಹೋಗ್ತೀಯಾ? ನಡೂ ನೀರಿಗೆ."

ಅನುಷಾ ಗಂಡಸರಿಗಿಂತ ಚೆನ್ನಾಗಿ ಹುಟ್ಟು ಹಾಕುವವಳು, ಮೀನಿನ ಹಾಗೆ ಈಜುವವಳು. ಕಣ್ಣರಳಿಸಿ ನೋಡಿ ನಕ್ಕಳು. "ಏನ್ ಕೋಮಲಕ್ಕ, ಒಂದೇ ದಿನಕ್ಕೆ ರುಚಿ ಹತ್ತಿತಾ?"

"ಹೂಂ ಕಣೇ," ಅಂದಳು ಕೋಮಲಾ. ಸುಳ್ಳು ಹೇಳಿದೆನಲ್ಲ ಅಂತ ಅದೊಂದು ಚಿಂತೆ ಸೇರಿಕೊಂಡಿತು.

ಬೆಳಗಿನ ಬಿಸಿಲು ಆಗಷ್ಟೇ ನೀರಿಗೆ ಬಿದ್ದಿತ್ತು. ಇಬ್ಬರೂ ಜಾಕೆಟ್ ತೊಟ್ಟರು. ಕೋಮಲಾ ತನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ದೋಣಿಗೆ ಬಿಗಿದಳು. ಗಾಳಿ ತುಂಬಿದ ಲಾರಿ ಟ್ಯೂಬೊಂದನ್ನೂ ದೋಣಿಯೊಳಗೆ ಹಾಕಿಸಿಕೊಂಡಳು.

"ಇನ್ನೊಂದು ದೋಣಿ ಹಿಂದೆ ಕಟ್ಕೊಳ್ಳಣಾ?" ಅನುಷಾ ಗಂಭೀರವಾಗಿ ಕೇಳಿದಳು. "ಈ ದೋಣಿ ಮುಳುಗಿದ್ರೆ ಬೇಕಾಯ್ತದೆ."

ದಡ ಸಣ್ಣದಾಗುವವರೆಗೆ ಹುಟ್ಟು ಹಾಕಿದರು. ಕೋಮಲಾ ಕಲ್ಲು ಕಟ್ಟಿದ ಇನ್ನೊಂದು ಹಗ್ಗವನ್ನು ನೀರಿಗೆ ಬಿಟ್ಟಳು. ಹಗ್ಗ ಪೂರ್ತಿ ಹೋಯಿತು. ಕಲ್ಲು ನೆಲ ಮುಟ್ಟಲಿಲ್ಲ. ಅದನ್ನು ನೋಡಿದ ಮೇಲೆ ಅವಳು ಎರಡು ಕೈಯಲ್ಲಿ ಹಲಗೆ ಹಿಡಿದುಕೊಂಡಳು. ನಿನ್ನೆ ಹಾರಿಸಿದ್ದು ಜನರ ಕಣ್ಣು. ಇಲ್ಲಿ ಯಾವ ಕಣ್ಣೂ ಇಲ್ಲ; ವಾಪಸ್ ಹೋಗೋಣ ಅಂದರೆ ಅನುಷಾ ಒಂದು ತಮಾಷೆ ಮಾಡಿ ಹುಟ್ಟು ತಿರುಗಿಸುತ್ತಾಳೆ, ಅಷ್ಟೇ.

"ಹಾರ್ತೀನಿ," ಅಂದಳು.

"ಹಾರಿ."

"ಹಾರ್ತೀನಿ ಅಂದ್ನಲ್ಲ."

"ನಾನೇನ್ ಹಿಡ್ಕೊಂಡಿದ್ದೀನಾ ಅಕ್ಕಾ?"

ಹಾರಿದಳು. ಈ ಸಲ ಕೆಳಗೆ ಕತ್ತಲೆ ಇತ್ತು. ಅದು ಕಾಲನ್ನು ಎಳೆಯಿತು. ಎಳೆದಷ್ಟೇ ಬೇಗ ಜಾಕೆಟ್ ಅವಳನ್ನು ಮೇಲಕ್ಕೆ ತಂದಿತು. ಕೆಮ್ಮು, ಬೆಳಕು, ಗಾಳಿ. ಮೆಲ್ಲಗೆ ಕಾಲು ಇಳಿಬಿಟ್ಟಳು. ಇನ್ನಷ್ಟು ಇಳಿಬಿಟ್ಟಳು. ಹೆಬ್ಬೆರಳು ಹುಡುಕಿತು, ಏನೂ ಸಿಗಲಿಲ್ಲ. ಕಾಲ ಕೆಳಗೆ ನೀರು, ಅದರ ಕೆಳಗೂ ನೀರು. ಆದರೂ ಗಲ್ಲ ಮಾತ್ರ ನೀರಿಗಿಂತ ಮೇಲೇ ಇತ್ತು. ಸೊಂಟದ ಹಗ್ಗ ಸಡಿಲವಾಗಿ ಪಕ್ಕದಲ್ಲಿ ತೇಲುತ್ತಿತ್ತು.

ಅಬ್ಬಾ ಅಂದುಕೊಂಡಳು. ಇನ್ನು ದೋಣಿ ಹತ್ತಬಹುದಿತ್ತು. ಬಂದ ಕೆಲಸ ಮುಗಿದಿತ್ತು. ಆದರೆ ತಲೆ ಹಿಂದಕ್ಕೆ ವಾಲಿಸಿದಳು. ಕಿವಿಗಳು ನೀರಿಗಿಳಿದವು, ಲೋಕದ ಸದ್ದು ನಿಂತಿತು. ಬಕಲ್ಲು, ಮೆಟ್ಟಿಲು, ಸಭೆ, ನಾಳೆ, ನಾಳಿದ್ದು, ಯಾವುದೂ ನೆನಪಿಗೆ ಬರಲಿಲ್ಲ. ಹೀಗೆ ಏನನ್ನೂ ಕಾಯದೆ ಇದ್ದದ್ದು ಅವಳಿಗೆ ತಿಳಿದ ಹಾಗೆ ಇದೇ ಮೊದಲು. ಆಕಾಶದಲ್ಲಿ ಒಂದು ಬೆಳ್ಳಕ್ಕಿ ಅವಸರವಿಲ್ಲದೆ ಹೋಯಿತು. ಅನುಷಾ ಏನೋ ಕೂಗುತ್ತಿದ್ದಳು. ಕೋಮಲಾ ಕೇಳಿಸದ ಹಾಗೆ ಮಲಗಿದ್ದಳು.

"ಸಾಕು ಬನ್ನಿ ಅಕ್ಕಾ, ನೆನೆದು ಹಪ್ಪಳದ ಹಿಟ್ಟಾಯ್ತೀರಾ!" ಅನುಷಾ ಕೊನೆಗೆ ಹುಟ್ಟಿನಿಂದ ನೀರು ಚಿಮ್ಮಿಸಿದಳು.

ಮನೆಗೆ ಬಂದಾಗ ಓಂಕಾರೇಶ್ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ. "ಏನೇ, ಸೋಮವಾರ ಇಷ್ಟ್ ಬೇಗ ತಲೆಗೆ ನೀರ್ ಹಾಕ್ಕೊಂಡಿದ್ದೀಯಾ?"

"ಹೂಂ ರೀ," ಅಂದಳು. ಅದೇನೂ ಸುಳ್ಳಲ್ಲ.

ಹನ್ನೊಂದು ಕಳೆದು ತುಸು ಹೊತ್ತಿಗೆ ಶಿವಪ್ರಸಾದರ ಫೋನ್ ಬಂತು. ಪರವಾನಗಿಗೆ ಸಭೆ ಒಪ್ಪಿತ್ತು. ಮೆಟ್ಟಿಲಿಗೆ ಹಣ ಮುಂದಿನ ಕಂತಿನಲ್ಲಿ. "ನಾನು ಕಂಡದ್ದನ್ನ ಕಂಡ ಹಾಗೆ ಹೇಳ್ದೆ ಮೇಡಂ," ಅಂದರು.

"ಹೌದು ಸರ್. ನಾವು ತೇಲ್ತೀವಿ," ಅಂದಳು ಕೋಮಲಾ.

ಅತ್ತೆ ಒಳಗಿನಿಂದ ಏನಂತೆ, ಏನಂತೆ ಅಂತ ಕೂಗುತ್ತಿದ್ದರು. ಓಂಕಾರೇಶ್ ಆಗಲೇ ಹಾಲೇಶನಿಗೆ ಫೋನ್ ಹಚ್ಚಿದ್ದ. ಎಲ್ಲವನ್ನೂ ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಹೇಳಿದರೆ, ಮೊಣಕಾಲುದ್ದ ನೀರಿಗೆ ಹಾರಿದ ಕಾರ್ಯದರ್ಶಿ ಅಂತ ಅಜ್ಜಂಪುರದವರೆಗೂ ನಗುತ್ತಾರೆ, ಅದನ್ನಾದರೂ ತಡೆದುಕೊಳ್ಳಬಹುದು. ಬೆಳಗಿನದನ್ನು ಹೇಳಿದರೆ ಓಂಕಾರೇಶ್ ಹೆದರಿ, ಇನ್ನು ಮುಂದೆ ನೀರಿಗೆ ಹೊರಟರೆ ಮೂರು ಜನರನ್ನು ಜೊತೆಗೆ ಕಳಿಸುತ್ತಾನೆ. ಮೂರು ಜನ ನೋಡುತ್ತಿದ್ದರೆ ಆ ಹಾಗೆ ಮಲಗುವುದು ಆಗುವ ಮಾತಲ್ಲ. ಅನುಷಾಗೆ ಗೊತ್ತಿರುವುದು ರುಚಿ ಹತ್ತಿದ್ದು ಮಾತ್ರ. ಈಗ ಅದು ನಿಜವೇ ಆಗಿತ್ತು. ದಿಬ್ಬದ ಸಂಗತಿ, ಅದಕ್ಕಾಗಿ ನಡೂ ನೀರಿಗೆ ಹೋಗಿ ಬಂದ ಸಂಗತಿ, ಎರಡೂ ತನ್ನಲ್ಲೇ ಇರಲಿ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ಅತ್ತೆಗೆ ಸುದ್ದಿ ಹೇಳಲು ಅಡುಗೆಮನೆಗೆ ಹೋದಳು.