ಹುಲಿಗೂಡಿನ ದಾರಿ

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಜಗದಾಂಬಾ ಇಪ್ಪತ್ತಾರು ವರ್ಷ ಚೆಕರ್ ಆಗಿದ್ದರು. ಹೊಲಿದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ದಾರ ಎದ್ದಿದೆ ಎಂದು ನೋಡುವ ಕೆಲಸ. ಕೊನೆಯ ಕೆಲವು ವರ್ಷ ಅಲ್ಲಿ ವಿದೇಶಕ್ಕೆ ಹೋಗುವ ಚಳಿ ಜಾಕೆಟ್‌ಗಳು ತಯಾರಾಗುತ್ತಿದ್ದವು. ಪ್ರತಿ ಜಾಕೆಟ್‌ಗೂ ಕಟ್ಟುವ ರಟ್ಟಿನ ಚೀಟಿಯ ಮೇಲೆ ಒಂದು ಚಿತ್ರ. ಕಡಿದಾದ ಬಂಡೆಯ ನಡುವೆ ಯಾರೋ ಅಂಟಿಸಿಟ್ಟ ಹಾಗೆ ಕೂತ ಬಿಳಿಯ ಮಠ. ಒಂದು ದಿನ ಅವರು ಹರಿದ ಚೀಟಿಯೊಂದನ್ನು ಮನೆಗೆ ತಂದು, ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಸೌಮ್ಯಶ್ರೀಗೆ ತೋರಿಸಿದರು.

ಸೌಮ್ಯಶ್ರೀ ಮೊಬೈಲಿನಲ್ಲಿ ಹುಡುಕಿ ಹೇಳಿದಳು. "ಅತ್ತೆ, ಇದು ಭೂತಾನ್. ಹುಲಿಗೂಡು ಅಂತಾರಂತೆ. ಬೆಟ್ಟ ನಡ್ಕೊಂಡೇ ಹತ್ತಬೇಕು."

"ನಾನು ರಿಟೈರ್ ಆದ್ಮೇಲೆ ಇಬ್ರೂ ಹೋಗೋಣ ಕಣೇ."

ಜಗದಾಂಬಾ ರಿಟೈರ್ ಆಗುವ ಹೊತ್ತಿಗೆ ಸೌಮ್ಯಶ್ರೀ ಅವರ ಸೊಸೆಯಾಗಿ ಉಳಿದಿರಲಿಲ್ಲ. ಮಗ ಕಲ್ಮೇಶನಿಗೂ ಅವಳಿಗೂ ಹೊಂದಲಿಲ್ಲ. ದೊಡ್ಡ ಜಗಳವೇನೂ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಆಗಿಬಿಟ್ಟಿದ್ದರು. ಒಪ್ಪಿಗೆಯಿಂದಲೇ ಡೈವೋರ್ಸ್ ಆಯಿತು. ಅವನು ಹುಬ್ಬಳ್ಳಿಗೆ ಹೋಗಿ ಮತ್ತೆ ಮದುವೆಯಾದ. ಅವಳು ಮೂಡಲಪಾಳ್ಯದಲ್ಲಿ ಒಂದು ಮಹಡಿ ಮನೆ ಹಿಡಿದಳು. ಅವಳ ತಂದೆತಾಯಿ ಇಬ್ಬರೂ ಅವಳ ಕಾಲೇಜಿನ ದಿನಗಳಲ್ಲೇ ತೀರಿಹೋಗಿದ್ದರು. ಚಿತ್ರದುರ್ಗದಲ್ಲಿದ್ದ ಅಣ್ಣ, ಡೈವೋರ್ಸ್ ಸುದ್ದಿ ಕೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಮನೆ ಬದಲಿಸಿದ ವಾರ, ಸಾಮಾನಿನ ಜೊತೆ ತಪ್ಪಿ ಬಂದಿದ್ದ ಅತ್ತೆಯ ಕುಕ್ಕರ್ ಹಿಂತಿರುಗಿಸಲು ಅವಳು ಚಂದ್ರಾ ಲೇಔಟಿನ ಅವರ ಮನೆಗೆ ಹೋದಳು. "ಊಟದ ಹೊತ್ತಲ್ಲಿ ಬಂದು ಹಾಗೇ ಹೋಗ್ತಾರೇನೇ?" ಎಂದು ಜಗದಾಂಬಾ ತಟ್ಟೆ ಹಾಕಿದರು. ಅದು ಭಾನುವಾರ. ಆಮೇಲೆ ನಾಲ್ಕು ವರ್ಷ ಯಾವ ಭಾನುವಾರವೂ ತಪ್ಪಲಿಲ್ಲ.

ಈ ಏಪ್ರಿಲ್‌ನಲ್ಲಿ ಇಬ್ಬರೂ ಭೂತಾನಿಗೆ ಹೊರಟರು. ಜಗದಾಂಬಾ ಅವರ ಗಂಡ ರೇವಣಸಿದ್ದಯ್ಯ ಬರಲಿಲ್ಲ. "ನನ್ನ ಮೊಣಕಾಲಿಗೆ ನಮ್ಮ ಪಾರ್ಕೇ ಹಿಮಾಲಯ. ನೀವಿಬ್ರೂ ಹೋಗ್ಬನ್ನಿ" ಎಂದು ಆಟೋ ತನಕ ಬ್ಯಾಗ್ ಹೊತ್ತು ತಂದರು.

ಪಾರೋ ಊರಿನ ಹೋಟೆಲಿನಲ್ಲಿ ಒಂದು ಫಾರಂ ತುಂಬಬೇಕಿತ್ತು. ಹೆಸರು, ವಯಸ್ಸು, ಜೊತೆಗಿರುವವರು ಏನಾಗಬೇಕು. ಸೌಮ್ಯಶ್ರೀಯ ಪೆನ್ನು ಅಲ್ಲಿ ನಿಂತಿತು.

"ಸೊಸೆ ಅಂತ ಬರಿ" ಎಂದರು ಜಗದಾಂಬಾ, ಎತ್ತಲೋ ನೋಡುತ್ತಾ.

ಅವಳು ಬರೆದಳು. ಎಂಟು ತಿಂಗಳಿಂದ ಅತ್ತೆಗೆ ಹೇಳಬೇಕೆಂದುಕೊಂಡು ಹೇಳದೇ ಉಳಿಸಿಕೊಂಡ ಮಾತೊಂದು ಅವಳ ಹತ್ತಿರ ಇತ್ತು.

ಮರುದಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಗೈಡ್ ಬಂದ. ಮೊಣಕಾಲಿನ ತನಕ ಬರುವ ಪಟ್ಟೆಪಟ್ಟೆಯ ನಿಲುವಂಗಿ ತೊಟ್ಟ ನಗುಮುಖದವನು. ಹಿಂದಿಯಲ್ಲಿ ಹೆಸರು ಹೇಳಿಕೊಂಡ. ಕರ್ಮ.

ಜಗದಾಂಬಾ ಸೌಮ್ಯಶ್ರೀಯ ಕಿವಿಗೆ ಬಾಗಿದರು. "ಎಲ್ಲರಿಗೂ ಕರ್ಮ ಬೆನ್ನ ಹಿಂದೆ ಬರುತ್ತೆ. ನಮಗೆ ಮುಂದೇನೇ ಹೋಗ್ತಾ ಇದೆ ನೋಡು."

ಇಬ್ಬರೂ ನಕ್ಕ ನಗುವಿಗೆ ಕಾರಣ ತಿಳಿಯದೆ ಕರ್ಮನೂ ನಕ್ಕ.

ಅರ್ಧ ದಾರಿಗೆ ಕುದುರೆ ಸಿಗುತ್ತಿತ್ತು. ಜಗದಾಂಬಾ ಬೇಡವೆಂದರು. ಬಾಡಿಗೆಗೆ ಒಂದು ಊರುಗೋಲು ಹಿಡಿದು, ಸೀರೆಯ ಕೆಳಗೆ ಶೂ ಹಾಕಿಕೊಂಡು, ಪೈನ್ ಮರಗಳ ನಡುವಿನ ಕೆಂಪು ಮಣ್ಣಿನ ದಾರಿ ಏರತೊಡಗಿದರು. ಮೇಲೆ ಹೋದಂತೆ ಉಸಿರು ಸಾಲುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ, ಒಂದು ನಿಲುಗಡೆ. ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಾವುಟಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ನಿಂತಾಗೆಲ್ಲ ಸೌಮ್ಯಶ್ರೀ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡುತ್ತಿದ್ದಳು.

ಅಂಥ ಒಂದು ನಿಲುಗಡೆಯಲ್ಲಿ ಎದುರಿಂದ ಇಳಿಯುತ್ತಿದ್ದ ಮರಾಠಿ ಹೆಂಗಸೊಬ್ಬಳು ಹಿಂದಿಯಲ್ಲಿ ಕೇಳಿದಳು, "ಇವಳು ನಿಮ್ಮ ಮಗಳಾ?"

"ಸೊಸೆ. ಮಗಳಿಗಿಂತ ಹೆಚ್ಚು" ಎಂದರು ಜಗದಾಂಬಾ.

ಆಕೆ ಹೋದ ಮೇಲೆ ಸೌಮ್ಯಶ್ರೀಗೆ ತಡೆಯಲಾಗಲಿಲ್ಲ.

"ಅತ್ತೆ, ನಾನು ನಿಮಗೊಂದು ವಿಷಯ ಹೇಳಿಲ್ಲ. ಪುರುಷೋತ್ತಮ ಅಂತ. ರಾಜಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಕೊಂಡಿದಾರೆ. ಮದುವೆ ಆಗೋಣ ಅಂತಿದೀವಿ."

ಜಗದಾಂಬಾ ಬಾಟಲಿ ಕೆಳಗಿಟ್ಟರು. "ಎಷ್ಟು ದಿನದಿಂದ?"

"ಎಂಟು ತಿಂಗಳಾಯ್ತು."

"ಎಂಟು ತಿಂಗಳು ನನ್ನೆದುರು ಕೂತು ಊಟ ಮಾಡಿದೀಯ. ಇದನ್ನ ಹೇಳೋಕೆ ಈ ಬೆಟ್ಟ ಹತ್ತಬೇಕಾಯ್ತಾ?"

ಅವರು ನಡೆದೇಬಿಟ್ಟರು. ಇಪ್ಪತ್ತು ಹೆಜ್ಜೆಗೆ ನಿಲ್ಲಲಿಲ್ಲ, ನಲವತ್ತಕ್ಕೂ ನಿಲ್ಲಲಿಲ್ಲ. ಸೌಮ್ಯಶ್ರೀ ಹಿಂದೆಯೇ ಓಡಿದಳು. ತಿರುವಿನಲ್ಲಿ ಜಗದಾಂಬಾ ಬಂಡೆಗೆ ಕೈಕೊಟ್ಟು ಬಾಗಿ ನಿಂತಿದ್ದರು. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಕರ್ಮ ಅವರನ್ನು ಕೂರಿಸಿ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟು, ಸ್ವಲ್ಪ ದೂರ ಹೋಗಿ ನಿಂತ. ಸೌಮ್ಯಶ್ರೀ ಬೆನ್ನು ನೀವತೊಡಗಿದಳು. ಅತ್ತೆ ಆ ಕೈಯನ್ನು ತಳ್ಳಲಿಲ್ಲ.

"ನಿಮಗೆ ಹೇಳಿದ್ರೆ ಭಾನುವಾರ ಬರಬೇಡ ಅಂತೀರೇನೋ ಅಂತ ಭಯ ಆಯ್ತು ಅತ್ತೆ. ಇನ್ನೊಬ್ಬರ ಮನೆ ಸೊಸೆ ಆದ್ಮೇಲೆ ನಾನು ನಿಮ್ಮ ಮನೆಗೆ ಏನಂತ ಬರಲಿ?"

ಜಗದಾಂಬಾ ಉಳಿದ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದರು.

"ನನಗೂ ಅದೇ ಭಯ ಕಣೇ. ಅದಕ್ಕೇ ಎಲ್ಲಿ ಕೇಳಿದ್ರೂ ಸೊಸೆ ಸೊಸೆ ಅಂತ ಹೇಳ್ಕೊಂಡು ಬಂದೆ. ನನಗೆ ಬೇರೆ ಮಾತು ಗೊತ್ತಿಲ್ಲ. ನಿನಗೆ ಒಳ್ಳೇದಾಗ್ಲಿ ಅಂತ ದಿನಾ ದೀಪ ಹಚ್ಚಿ ಕೇಳ್ಕೋತೀನಿ. ಈಗ ಒಳ್ಳೇದಾಗ್ತಿದೆ ಅಂದ್ರೆ ಮನಸ್ಸಿಗೆ ಸಂಕಟ ಆಗ್ತಿದೆ. ಎಂಥವಳು ನೋಡು ನಾನು."

ಸೌಮ್ಯಶ್ರೀ ಅವರ ಭುಜಕ್ಕೆ ಹಣೆಯಿಟ್ಟು ಅತ್ತಳು. ಜಗದಾಂಬಾ ಸೆರಗಿನಿಂದ ಮೊದಲು ಅವಳ ಮುಖ ಒರೆಸಿ, ಆಮೇಲೆ ತಮ್ಮದು ಒರೆಸಿಕೊಂಡರು.

"ಮಡಿಲಕ್ಕಿ ಯಾರು ತುಂಬ್ತಾರೆ? ನಿಮ್ಮಣ್ಣ ಬರ್ತಾನಾ?"

"ಇಲ್ಲ ಅತ್ತೆ. ರಿಜಿಸ್ಟರ್ ಮದುವೆ ಸಾಕು ಅಂತ..."

"ಸಾಕಂತೆ! ತವರಿಲ್ಲದೆ ಮದುವೆ ಏನೇ? ನಾನು ತುಂಬ್ತೀನಿ. ನಿಮ್ಮ ಮಾವ ಧಾರೆ ಎರೀತಾರೆ. ಮನಸ್ಸಲ್ಲಿ ಸಂಕಟ ಇದ್ರೆ ಇರ್ಲಿ, ಎರಡು ದಿನಕ್ಕೆ ಹೋಗುತ್ತೆ." ಅವರು ಊರುಗೋಲು ಊರಿ ಎದ್ದರು. "ನಡಿ. ಇಷ್ಟು ಹತ್ತಿ ಅದನ್ನ ನೋಡ್ದೇ ಹೋಗೋಕಾಗುತ್ತಾ?"

ಮುಂದಿನ ಒಂದು ಗಂಟೆ ಅವರು ಪುರುಷೋತ್ತಮನ ಬಗ್ಗೆ ಒಂದೊಂದಾಗಿ ಕೇಳಿದರು. ಸಿಡುಕನಾ? ಅಡುಗೆ ಬರುತ್ತಾ? ಅವರಮ್ಮ ಹೇಗೆ? ಸೌಮ್ಯಶ್ರೀ ಉತ್ತರ ಹೇಳಿದಷ್ಟೂ ಹೊತ್ತು ಅವರ ಹೆಜ್ಜೆ ಸಲೀಸಾಗಿ ಬಿತ್ತು.

ದಾರಿ ತಿರುಗಿದ್ದೇ, ಕಮರಿಯ ಆಚೆ, ಮಠ ಕಂಡಿತು. ಕಪ್ಪು ಬಂಡೆಯ ಎದೆಯಲ್ಲಿ ಬಿಳಿಯ ಗೋಡೆಗಳು, ಬಂಗಾರದ ಚಾವಣಿ. ಕೆಳಗೆ ಏನೂ ಇಲ್ಲ, ಬರೀ ಗಾಳಿ. ಇಬ್ಬರೂ ಕಟ್ಟೆಗೆ ಒರಗಿ ನಿಂತರು. ಸೌಮ್ಯಶ್ರೀ ಮೊಬೈಲ್ ತೆಗೆಯಲು ಮರೆತಳು.

ತುಂಬ ಹೊತ್ತು ನೋಡಿ ಜಗದಾಂಬಾ ಹೇಳಿದರು. "ಎಷ್ಟು ನೀಟಾಗಿ ಕೂರ್ಸಿದಾರೆ. ಎಲ್ಲೂ ಒಂದು ಸುಕ್ಕಿಲ್ಲ."

ಒಳಗೆ ಹೋಗಲು ಇನ್ನೂ ನೂರಾರು ಮೆಟ್ಟಿಲು ಇಳಿದು ಹತ್ತಬೇಕಿತ್ತು. ನನಗೆ ಇಷ್ಟೇ ಸಾಕು ಎಂದು ಜಗದಾಂಬಾ ಅಲ್ಲೇ ಕೈ ಮುಗಿದರು. ನಾನೂ ಇಲ್ಲೇ ಇರ್ತೀನಿ ಎಂದಳು ಸೌಮ್ಯಶ್ರೀ. ಚಟ್ನಿಪುಡಿ ಸವರಿ ಸುತ್ತಿಟ್ಟಿದ್ದ ಚಪಾತಿಯನ್ನು ಮೂವರೂ ಹಂಚಿಕೊಂಡು ತಿಂದರು. ಖಾರಕ್ಕೆ ಬೆಚ್ಚದ ಕರ್ಮ ಇನ್ನೊಂದು ಕೇಳಿ ಹಾಕಿಸಿಕೊಂಡ.

ಇಳಿಯುವಾಗ, ಅರ್ಧ ದಾರಿಯ ಕ್ಯಾಂಟೀನಿನ ಹತ್ತಿರ ಸೌಮ್ಯಶ್ರೀಯ ಮೊಬೈಲ್ ಸದ್ದು ಮಾಡಿತು. ಹೆಸರು ನೋಡಿ ಅವಳು ಕತ್ತೆತ್ತಿದಳು. ಜಗದಾಂಬಾ ಕೈ ಚಾಚಿ ಫೋನ್ ತೆಗೆದುಕೊಂಡರು.

"ಹಲೋ, ಪುರುಷೋತ್ತಮ ಅವರಾ? ನಾನು ಸೌಮ್ಯನ..." ಒಂದು ಗಳಿಗೆ ತಡೆದರು. "ಸೌಮ್ಯನ ತವರಿನವರು ಮಾತಾಡ್ತಿರೋದು. ನಾವು ಊರಿಗೆ ಬಂದ್ಮೇಲೆ ನಮ್ಮನೆಗೆ ಬನ್ನಿ. ಹೆಣ್ಣು ಕೇಳೋ ಶಾಸ್ತ್ರ ಆಗ್ಬೇಕಲ್ಲ."

ಆ ಕಡೆಯಿಂದ ಬಂದ ಉತ್ತರ ಕೇಳಿ, ಫೋನ್ ಅವಳ ಕೈಗಿಟ್ಟರು.

"ಪಾಪ, ಎದ್ದು ನಿಂತೇ ಮಾತಾಡ್ತಿದಾನೆ ಅನ್ಸುತ್ತೆ. ಒಳ್ಳೆಯವನೇ ಇರಬೇಕು."

ಅವಳು ಮಾತು ಮುಗಿಸಿ ಬರುವ ತನಕ ಅವರು ಬಿಸಿಲಿಗೆ ಕಾಲು ಚಾಚಿ ಕೂತು, ಶೂ ಬಿಚ್ಚಿ ಒಳಗಿನ ಮಣ್ಣು ಕೊಡವಿಕೊಂಡರು.