ಟವಲ್ಲಿನ ಕೆಳಗಿನ ಕೈ

ಮರಿಸಿದ್ದಯ್ಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಕಿರುಗಾವಲಿನ ಕುರಿ ಸಂತೆಯಲ್ಲಿ ಅಯ್ಯೋ ಅಂದವರಿಗಿಂತ ಒಳಗೊಳಗೇ ನಕ್ಕವರೇ ಹೆಚ್ಚು. ಆ ಕೈ ಅಂಥದ್ದು. ಅಲ್ಲಿ ಕುರಿಯ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವಲ್ಲು ಮುಚ್ಚಿ, ಅದರ ಕೆಳಗೆ ಎದುರಿನವನ ಬೆರಳು ಎಷ್ಟು ಹಿಡಿದರೆ ಅಷ್ಟು ಬೆಲೆ. ಹಲಗೂರಿನ ಮುದುಕನೊಬ್ಬ, ಕೈ ನಡುಗಿ ಮೂರು ಬೆರಳಿನ ಬದಲು ಎರಡೇ ಹಿಡಿದುಬಿಟ್ಟೆ ಎಂದು ಕಾಲಿಗೆ ಬಿದ್ದಾಗ, ದಲ್ಲಾಳಿ ಮರಿಸಿದ್ದಯ್ಯನೆಂಬ ಈ ಮಹಾನುಭಾವ ಹೇಳಿದ್ದು ಒಂದೇ ಮಾತು.

"ಕೈ ಆಡಾದ್ಮೇಲೆ ಬಾಯಿ ಆಡ್ಬಾರ್ದು. ನಡಿಯಜ್ಜ."

ಹೆಂಡತಿ ದೇವಿರಮ್ಮನಿಗೂ ಆ ಕೈಯ ರುಚಿ ಗೊತ್ತಿತ್ತು. ಬಂಡೂರಿನ ತವರಿನಿಂದ ತಂದ ಕುರಿಗಳ ಸಂತಾನವನ್ನು ಸಾಕುವುದು ಅವಳು, ಹೇಳದೆ ಕೇಳದೆ ಸಂತೆಗೆ ಹೊಡೆಯುವುದು ಇವನು. ಎಷ್ಟಕ್ಕೆ ಹೋಯಿತು ಎಂದು ಒಮ್ಮೆ ಕೇಳಿದ್ದಕ್ಕೆ ಕಪಾಳಕ್ಕೆ ಬಾರಿಸಿ, "ಟವಲ್ ಕೆಳ್ಗಿಂದು ಎಂಗುಸ್ರಿಗ್ಯಾಕೆ?" ಎಂದಿದ್ದ.

ಮಂಡ್ಯದ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆ ಇದೆಯೆಂದು ತಿಳಿದು ಗಂಡನನ್ನು ಬಸ್ಸು ಹತ್ತಿಸಿ ಕರೆದೊಯ್ಯುವ ಕೆಲಸವೂ ಅವಳಿಗೇ ಬಿತ್ತು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಒದ್ದೆ ಸ್ಪಂಜಿನ ಎರಡು ತುಂಡುಗಳನ್ನು ತಲೆಗೆ ಪಟ್ಟಿಯಿಂದ ಬಿಗಿದು, ಪುಟ್ಟ ಡಬ್ಬಿಯೊಂದರಿಂದ ಸಣ್ಣಗೆ ಕರೆಂಟು ಹರಿಸುತ್ತಾರೆ. ಕೊಂಚ ಚುರುಚುರು ಅನ್ನುತ್ತದೆ, ಅಷ್ಟೇ.

"ಕರೆಂಟು ಕೈ ಆಡ್ಸಲ್ಲ ಯಜಮಾನ್ರೇ," ಎಂದು ಫಿಸಿಯೋಥೆರಪಿಯ ಶೋಭಿತಾ ಬಿಡಿಸಿ ಹೇಳಿದಳು. "ಮಿದುಳನ್ನ ಕಲಿಯೋದಕ್ಕೆ ಹದ ಮಾಡುತ್ತೆ. ಆ ಹೊತ್ತಲ್ಲಿ ಏನು ಅಭ್ಯಾಸ ಮಾಡ್ತೀರೋ ಅದೇ ಗಟ್ಟಿಯಾಗುತ್ತೆ. ತಪ್ಪು ಮಾಡಿದ್ರೆ ತಪ್ಪೇ ಗಟ್ಟಿ. ನಿಮ್ಮ ಬೆರಳಿಗೆ ಮುಟ್ಟಿದ್ದು ತಿಳೀತಿಲ್ಲ, ಅದಕ್ಕೇ ಕಣ್ಣಲ್ಲಿ ನೋಡ್ಕೊಂಡೇ ಮಾಡಿ."

ಅವನಿಗೆ ಬೇಕಿದ್ದದ್ದು ವ್ಯಾಪಾರದ ಕೈ. ಅದನ್ನು ಬಯಲಿನಲ್ಲಿ ಆಡಿಸಲು ಅವನು ಸುತಾರಾಂ ಒಪ್ಪಲಿಲ್ಲ.

"ದಲ್ಲಾಳಿ ಕೈ ನಾಕು ಜನಕ್ಕೆ ಕಾಣಂಗೆ ಆಡದಾ? ಮರ್ವಾದೆ ಬ್ಯಾಡ್ವಾ? ಟವಲ್ ಆಕು."

ಶೋಭಿತಾ ಸೋತು ದೇವಿರಮ್ಮನ ಕಡೆ ತಿರುಗಿದಳು. "ಹಾಗಾದ್ರೆ ಅಮ್ಮಾ, ನೀವು ಪ್ರತಿ ಸಲ ಸರಿಯೋ ತಪ್ಪೋ ಹೇಳ್ಲೇಬೇಕು. ಅವರ ಕೈಗೆ ಬೇರೆ ದಾರಿ ಇಲ್ಲ."

ಹೀಗೆ, ಕೇಳಬಾರದ್ದನ್ನು ಕೇಳಿ ಏಟು ತಿಂದವಳ ಕೈ ಕೊನೆಗೂ ಟವಲ್ಲಿನ ಕೆಳಗೆ ಹೋಯಿತು. ಮೊದಮೊದಲು ಅವಳು ನಿಜವನ್ನೇ ಹೇಳಿದಳು. ನಾಲ್ಕು ಬೆರಳು ಹಿಡಿಯುತ್ತೇನೆಂದು ಎರಡೇ ಹಿಡಿದಾಗ, "ತಪ್ಪು" ಎಂದಳು.

"ನಿಂಗೇ ಎಣ್ಸಕ್ಕೆ ಬರಾಕಿಲ್ಲ, ಕತ್ತೆ ಮುಂಡೆ!"

ಕಾಯುತ್ತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಎಡಗೈಯ ಊರುಗೋಲು ಅವಳ ಮೊಣಕಾಲಿಗೆ ಬಡಿಯಿತು. ಮರುಸಲ ಅವನು ಮತ್ತೆ ಎರಡೇ ಹಿಡಿದ. ದೇವಿರಮ್ಮ "ಸರಿ" ಎಂದಳು. ಮರಿಸಿದ್ದಯ್ಯ ಹಲ್ಲು ಕಿರಿದ. ಮನೆಗೆ ಹೋಗುವವರೆಗೂ ಬೈಯಲಿಲ್ಲ.

ಆ ದಿನ ಅವಳು ಹೇಳಿದ್ದು ಬರೀ ನೆಮ್ಮದಿಗೆ. ಮಾರನೆಯ ದಿನವೂ ಹಾಗೇ ಅಂದುಕೊಳ್ಳೋಣ. ಆಮೇಲಿನದಕ್ಕೆ ನಾನು ನೆಪ ಹುಡುಕುವುದಿಲ್ಲ. ಶೋಭಿತಾಳ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು, ಅವಳಿಗೆ ಹೊಟ್ಟೆ ಉರಿದಿತ್ತು, ಆ ಉರಿಗೆ ಈ ಸುಳ್ಳು ತಂಪಾಗಿತ್ತು. ಸ್ಪಂಜು ಒದ್ದೆ ಮಾಡುವುದು, ಕರೆಂಟು ಹರಿಯುವುದು, ನಾಲ್ಕೆಂದು ಎರಡು ಹಿಡಿಯುವುದು, "ಸರಿ ಕಣಿ" ಅನ್ನುವುದು. ಕೈಗೆ ಬಲ ಬಂತು. ಲೋಟ ಎತ್ತಿದ್ದು ನೋಡಿ ಶೋಭಿತಾ ಚಪ್ಪಾಳೆ ತಟ್ಟಿದಳು. ಟವಲ್ಲು ಎತ್ತಿ ನೋಡಲು ಅವಳಿಗೂ ಪುರುಸೊತ್ತಿರಲಿಲ್ಲ.

ಕೈ ಬಂತೆಂದು ಸಂತೆಗೆ ತೋರಿಸಲು ಮರಿಸಿದ್ದಯ್ಯ ಆರಿಸಿಕೊಂಡದ್ದು ಗುಂಡನನ್ನು. ತಾಯಿ ಸತ್ತ ಮರಿ. ದೇವಿರಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ತಟ್ಟೆಯ ಮುದ್ದೆ ಮುರಿದು ತಿನ್ನಿಸಿ ಬೆಳೆಸಿದ ಟಗರು.

"ಅದೊಂದ ಬುಟ್ಬುಡಿ, ನಿಮ್ ದಮ್ಮಯ್ಯ."

"ಅದ್ನೇ ಮಾರದು. ನಾಕು ಬೆರಳಿನ್ ಟಗರು. ಆಮೇಲ್ ಮಿಕ್ಕಿದ್ ಕುರಿ."

ಆಗ ನಿಜ ಹೇಳಿದ್ದರೆ ಗುಂಡ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವಿರಮ್ಮ ಅದನ್ನು ನುಂಗಿ, ಗುಂಡನ ಹಗ್ಗ ಹಿಡಿದು ಗಂಡನ ಹಿಂದೆ ಹೊರಟಳು.

ಸಂತೆಯಲ್ಲಿ ಮಳವಳ್ಳಿಯ ವ್ಯಾಪಾರಿ ನಜೀರ್ ಅಹ್ಮದ್ ಕೈ ಚಾಚಿದ. ಟವಲ್ಲು ಮುಚ್ಚಿತು. ಮರಿಸಿದ್ದಯ್ಯ ಹಿಡಿದ. ನಜೀರ್ ಹುಬ್ಬೇರಿಸಿ, ಇಷ್ಟೇನಾ ಎಂದು ಅವನ ಎರಡು ಬೆರಳು ಒತ್ತಿ ಕೇಳಿದ. ಒತ್ತಿದ್ದು ಎಷ್ಟೆಂದು ತಿಳಿಯದ ಮರಿಸಿದ್ದಯ್ಯ ಗತ್ತಿನಿಂದ ತಲೆ ಆಡಿಸಿದ. ನಜೀರ್ ಟಗರಿನ ಬೆನ್ನಿಗೆ ಬಣ್ಣದ ಗುರುತು ಹಾಕಿ ದುಡ್ಡು ಕೊಟ್ಟ.

"ಇದೇನ್ಲಾ, ಅರ್ದ ಕೊಟ್ಟಿದ್ದೀಯಾ? ನಾನ್ ಇಡ್ದಿದ್ದು ನಾಕು!"

"ಎರಡು ಹಿಡಿದ್ರಿ ಸಿದ್ದಯ್ಯಣ್ಣ. ತಿರುಗಿ ಕೇಳ್ದೆ, ಹೂಂ ಅಂದ್ರಿ."

ಮರಿಸಿದ್ದಯ್ಯ ಟವಲ್ಲನ್ನು ಕಿತ್ತೆಸೆದ. ಹುಟ್ಟಿದಾರಭ್ಯ ಮುಚ್ಚಿಟ್ಟ ಕೈಯನ್ನು ಸಂತೆಯೆದುರು ಚಾಚಿ, "ನೋಡ್ರಲಾ, ನಾಕು!" ಎಂದು ಕೂಗಿ ನಜೀರನ ಕೈಗೆ ಹಾಕಿದ. ಕೈ ಚಕ್ಕನೆ, ಗಟ್ಟಿಯಾಗಿ, ಎರಡು ಬೆರಳು ಹಿಡಿಯಿತು. ಮತ್ತೆ ಹಾಕಿದ. ಮತ್ತೆ ಎರಡು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಅವನು ಹೆಂಡತಿಯ ಕಡೆ ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ.

"ದಿನಾ ಸರಿ ಅಂತಿದ್ದೆಯಲ್ಲೇ..."

ನಜೀರನ ಮನಸ್ಸು ಕರಗಿತು. "ಬುಡಿ ಅಣ್ಣ, ಕಾಯಿಲೆ ಕೈ. ದುಡ್ಡು ವಾಪಸ್ ಕೊಡಿ, ಟಗರು ನೀವೇ ಇಟ್ಕೊಳಿ."

ದೇವಿರಮ್ಮ ಗುಂಡನ ಕಿವಿ ಒಮ್ಮೆ ಸವರಿದಳು. ಹಗ್ಗವನ್ನು ನಜೀರನ ಕೈಗೆ ತುರುಕಿದಳು.

"ಕೈ ಆಡಾದ್ಮೇಲೆ ಬಾಯಿ ಆಡ್ಬಾರ್ದು," ಎಂದು ಸಂತೆಗೆಲ್ಲ ಕೇಳುವ ಹಾಗೆ ಹೇಳಿದಳು. "ನಡೀರಿ ಮನೆಗೆ."

ಟಗರು ಅರಚುತ್ತಾ ಹಿಂದೆ ಹಿಂದೆ ತಿರುಗಿ ನೋಡುತ್ತಾ ಹೋಯಿತು. ದೇವಿರಮ್ಮ ಸೆರಗು ಬಾಯಿಗೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಸೊಪ್ಪು ಮಾರುವ ಹೆಂಗಸರು ಓಡಿಬಂದು, "ಗಂಡನ ಗತಿ ಹಿಂಗಾಯ್ತಲ್ಲ ಅಂತ ಅಳ್ಬ್ಯಾಡ ಕಣಮ್ಮ, ಕೈ ಸರಿಯಾಯ್ತದೆ," ಎಂದು ಬೆನ್ನು ಸವರಿದರು.